ಮಂಜಿನಲ್ಲಿ ನೀಲಿ ಚುಕ್ಕೆ

ಬೆಟ್ಟದ ಆಚೆ ಬದಿಯಿಂದ ಬೆಳಗ್ಗೆಯೇ ಸುದ್ದಿ ಬಂತು. ಗೌರವ್ವನಿಗೆ ಉಸಿರು ಮೇಲಕ್ಕೇರುತ್ತಿದೆ. ಅಮ್ಮನವರನ್ನು ಒಮ್ಮೆ ನೋಡಬೇಕಂತೆ.

ಅಮ್ಮನವರು ಎಂದರೆ ಆಶ್ರಮದ ಗುರು ನೀಲಾಂಬಿಕೆ. ವಯಸ್ಸು ಎಪ್ಪತ್ತು ದಾಟಿತ್ತು. ಗೌರವ್ವ ಅವರೊಡನೆಯೇ ದೀಕ್ಷೆ ಪಡೆದವಳು.

ರಸ್ತೆಯಲ್ಲಿ ಸುತ್ತಿ ಹೋದರೆ ಇಡೀ ದಿನ ಬೇಕು. ಬೆಟ್ಟ ಹತ್ತಿ ಇಳಿದರೆ ಐದು ತಾಸು.

“ಪಂಚಾಕ್ಷರಿ, ಬರುತ್ತೀಯಾ?” ಎಂದು ಅಮ್ಮ ತಮ್ಮ ಶಿಷ್ಯನನ್ನು ಕೇಳಿದರು.

ಪಂಚಾಕ್ಷರಿಯ ಎದೆ ಧಸಕ್ಕೆಂದಿತು. ಹೋದ ವರ್ಷ ಅದೇ ಬೆಟ್ಟದಲ್ಲಿ ಅವನು ದಾರಿ ತಪ್ಪಿ ಎರಡು ದಿನ ಅಲೆದಿದ್ದ. ಅಂದಿನಿಂದ ಆ ಕಡೆಗೆ ಮುಖ ಹಾಕಿರಲಿಲ್ಲ. ಆದರೂ “ಬರುತ್ತೇನೆ” ಎಂದ. ಒಳಗೆ ಹೋಗಿ ಮೊಬೈಲು ತಂದ.

“ಬೆಟ್ಟದ ನಕ್ಷೆ ಡೌನ್‌ಲೋಡ್ ಮಾಡಿಟ್ಟಿದ್ದೇನೆ ಅಮ್ಮಾ. ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಈ ಗೆರೆಗಳು ಎತ್ತರ ತೋರಿಸುತ್ತವೆ. ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಬಯಲು. ಈ ನೀಲಿ ಚುಕ್ಕೆ ನಾವಿರುವ ಜಾಗ.”

ಅಮ್ಮ ಕೋಲೂರಿ ಬಗ್ಗಿ ನೋಡಿದರು. “ಚೆನ್ನಾಗಿದೆ. ನೀನು ಮುಂದೆ ನಡೆ.”

ಅವನು ಮುಂದೆ ನಡೆದ. ಹತ್ತು ಹೆಜ್ಜೆಗೊಮ್ಮೆ ಚುಕ್ಕೆ ನೋಡಿದ. ಆಮೇಲೆ ಐದು ಹೆಜ್ಜೆಗೊಮ್ಮೆ. ಹುಲ್ಲುಗಾವಲು ಮುಗಿದು ಬಂಡೆಗಳ ಏರು ಶುರುವಾದಾಗ ಕಣ್ಣನ್ನು ಪರದೆಯಿಂದ ಎತ್ತುವುದನ್ನೇ ಬಿಟ್ಟ. ಚುಕ್ಕೆ ದಾರಿಯ ಗೆರೆಯಿಂದ ಕೂದಲೆಳೆಯಷ್ಟು ಸರಿದರೂ ಅಂಗೈ ಬೆವರುತ್ತಿತ್ತು.

ನೆತ್ತಿಯ ಹತ್ತಿರ ಮಂಜು ಕವಿಯಿತು.

ಹಿಂದಿನಿಂದ ಅಮ್ಮ ಏನೋ ಅಂದರು.

“ಹೂಂ ಅಮ್ಮಾ, ಇಳಿಜಾರಿಗೆ ಇನ್ನು ಒಂದೂವರೆ ಕಿಲೋಮೀಟರ್ ಅಷ್ಟೇ,” ಎಂದ ಪಂಚಾಕ್ಷರಿ.

ಎಡಕ್ಕೆ ಗೆರೆಗಳು ಒಂದರ ಮೇಲೊಂದು ಬಿದ್ದು ಮಸಿ ಮೆತ್ತಿದ ಹಾಗೆ ಕಂಡವು. ಅಲ್ಲಿ ಪ್ರಪಾತ. ಅವನು ಬಲಕ್ಕೆ ಒತ್ತಿಕೊಂಡು ನಡೆದ. ಆ ಜಾಗ ದಾಟಿದ ಮೇಲೆ ಉಸಿರು ಬಿಟ್ಟು, “ದಾಟಿದೆವು ಅಮ್ಮಾ!” ಎಂದ.

ಉತ್ತರ ಬರಲಿಲ್ಲ.

ತಿರುಗಿ ನೋಡಿದ. ಮಂಜು ಬಿಟ್ಟರೆ ಏನೂ ಇರಲಿಲ್ಲ.

“ಅಮ್ಮಾ!”

ಅವನ ದನಿ ಬಂಡೆಗೆ ಬಡಿದು ಅವನಿಗೇ ವಾಪಸು ಬಂತು.

ನಕ್ಷೆ ನೋಡಿದ. ಚುಕ್ಕೆ ದಾರಿಯ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಅವನು ಎಲ್ಲಿದ್ದಾನೆಂದು ಅದಕ್ಕೆ ಗೊತ್ತಿತ್ತು. ಅಮ್ಮ ಎಲ್ಲಿ ಎಂದು ಗೊತ್ತಿರಲಿಲ್ಲ.

ಮಸಿ ಮೆತ್ತಿದ ಆ ಜಾಗ ಕಣ್ಣಿಗೆ ಕಟ್ಟಿತು. ಅವರು ಕೊನೆಗೆ ಮಾತಾಡಿದ್ದು ಯಾವಾಗ? ಏನಂದಿದ್ದರು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೇಳಿಸಿಕೊಂಡಿದ್ದರಲ್ಲವೇ ನೆನಪಾಗುವುದು!

ಮೊಬೈಲು ಅವನು ನಡೆದು ಬಂದ ದಾರಿಯನ್ನು ಕೆಂಪು ಗೆರೆಯಾಗಿ ಉಳಿಸಿಕೊಂಡಿತ್ತು. ಅದನ್ನೇ ಹಿಡಿದು ಹಿಂದಕ್ಕೆ ಹೊರಟ. ಈಗ ಓಡುವ ಹಾಗಿಲ್ಲ, ಎಡವಿದರೆ ಪ್ರಪಾತ. ನಿಂತು ಗೆರೆ ನೋಡಿದ. ಮೊಬೈಲು ಜೇಬಿಗಿಟ್ಟು ಕೂಗಿದ. ಕಿವಿಗೊಟ್ಟ. ನಾಲ್ಕು ಹೆಜ್ಜೆ ನಡೆದ. ಮತ್ತೆ ನಿಂತ.

ಏಳನೆಯದೋ ಎಂಟನೆಯದೋ ಕೂಗಿಗೆ, ಬಹಳ ಹತ್ತಿರದಿಂದ, ಕೆಮ್ಮಿದ ಸದ್ದು ಕೇಳಿಸಿತು.

ದಾರಿಯ ಪಕ್ಕದ ಬಂಡೆಗೆ ಒರಗಿ ಅಮ್ಮ ಕೂತಿದ್ದರು. ಒಂದು ಕಾಲು ಚಾಚಿದ್ದರು. ಪಾದದ ಕೀಲು ಊದಿಕೊಂಡಿತ್ತು.

ಪಂಚಾಕ್ಷರಿ ಅವರ ಕಾಲ ಬಳಿ ಕುಸಿದು ಕೂತ. “ಕರೆಯಬಾರದಿತ್ತೇ ಅಮ್ಮಾ?”

“ಕರೆದೆನಲ್ಲ. ಕಾಲು ಉಳುಕಿತು, ನಿಲ್ಲಪ್ಪಾ ಅಂದೆ. ಇನ್ನು ಒಂದೂವರೆ ಕಿಲೋಮೀಟರ್ ಅಂದೆ ನೀನು.”

ಅವನಿಗೆ ಅಳು ಒತ್ತರಿಸಿ ಬಂತು. ಮೊಬೈಲು ತೆಗೆದು ಎಸೆಯುವವನಂತೆ ಕೈ ಎತ್ತಿದ.

ಅಮ್ಮ ಆ ಕೈ ಹಿಡಿದರು. “ಅದೇನು ಮಾಡಿತು, ಪಾಪ? ಪ್ರಪಾತ ಇನ್ನೂ ಅಲ್ಲೇ ಇದೆ. ಕೊಡು ಇಲ್ಲಿ.”

ಮೊಬೈಲನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅವನ ಹೆಗಲ ಮೇಲೆ ತೋಳಿಟ್ಟು ಎದ್ದರು.

“ಬೇಕಾದಾಗ ಕೇಳು, ಬಿಚ್ಚಿ ಕೊಡುತ್ತೇನೆ.”

ಗಂಟು ಬಿಚ್ಚಬೇಕಾದರೆ ಇಬ್ಬರೂ ನಿಲ್ಲಬೇಕು. ಹಾಗೆಯೇ ನಿಂತರು. ಅವನು ಗೆರೆಗಳನ್ನು ನೋಡಿದ, ಮನಸ್ಸಿನಲ್ಲಿಟ್ಟುಕೊಂಡ, ವಾಪಸು ಕೊಟ್ಟ. ಮತ್ತೆ ನಡೆದರು. ಪ್ರಪಾತದ ಅಂಚಿನಲ್ಲಿ ಅಮ್ಮನ ಭಾರ ಎಡಕ್ಕೆ ವಾಲಿದ್ದು ಅವನಿಗೆ ತಟ್ಟನೆ ಗೊತ್ತಾಯಿತು, ಬಿಗಿಯಾಗಿ ಹಿಡಿದ. ಅವರ ಉಸಿರು, ಕೋಲಿನ ಸದ್ದು, ಕಾಲಡಿಯ ಸಡಿಲ ಕಲ್ಲು, ಎಲ್ಲವೂ ಕೇಳಿಸಿತು. ಹೆದರಿಕೆ ಮಾತ್ರ ಹೋಗಲಿಲ್ಲ.

“ಅಮ್ಮಾ, ತಡವಾಗುತ್ತಿದೆ. ಗೌರವ್ವ…”

“ಹೆಜ್ಜೆ ನೋಡು.”

ಹೊತ್ತು ಇಳಿಯುವ ವೇಳೆಗೆ ಮಂಜಿನ ಕೆಳಗೆ ಒಂದು ಹಂಚಿನ ಸೂರು ಕಂಡಿತು. ಬಾಗಿಲು ತೆರೆದಿತ್ತು. ಒಳಗೆ ದಿಂಬುಗಳಿಗೆ ಒರಗಿದ್ದ ಗೌರವ್ವ ಕಣ್ಣು ಬಿಟ್ಟಳು. ಜೀವ ಇತ್ತು.

ಪಂಚಾಕ್ಷರಿ ಅಮ್ಮನನ್ನು ಹಾಸಿಗೆಯ ಪಕ್ಕ ಕೂರಿಸಿ ಗೋಡೆಗೆ ಸರಿದು ನಿಂತ. ಈಗ ಹೇಳುತ್ತಾರೆ, ಇವನು ನನ್ನನ್ನು ಬೆಟ್ಟದ ಮೇಲೆ ಬಿಟ್ಟು ಹೋದ ಎಂದು. ಅವನು ತಲೆ ಎತ್ತಲಿಲ್ಲ.

ಗೌರವ್ವ ಗೆಳತಿಯ ಊದಿದ ಕಾಲು ನೋಡಿದಳು. ಏದುಸಿರಿನ ನಡುವೆ ಕೇಳಿದಳು: “ದಾರಿ ತಪ್ಪಿತೇನೇ ನೀಲಾ?”

“ದಾರಿ ತಪ್ಪಲಿಲ್ಲ ಗೌರಿ. ನಡುವೆ ನಾನೊಬ್ಬಳು ತಪ್ಪಿಹೋಗಿದ್ದೆ,” ಎಂದರು ಅಮ್ಮ. “ಇವನು ತಿರುಗಿ ನೋಡಿದ.”