ಗುದ್ದಿದ ಕಾರು ಯಾವುದು?

ದಾವಣಗೆರೆಯಲ್ಲಿ ಕೆಂಚಮ್ಮ ಎಂಬ ಹೆಂಗಸಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಕಾದ ಮರಳಿನಲ್ಲಿ ಅಕ್ಕಿ ಹುರಿಯಬೇಕು. ಕೈ ಒಂದು ಗಳಿಗೆ ನಿಂತರೂ ಅಕ್ಕಿ ಸೀದುಹೋಗುತ್ತದೆ.

ಒಂದು ಬೆಳಿಗ್ಗೆ ಅವಳು ರಸ್ತೆಯ ಅಂಚಿನಲ್ಲಿ ಕೆಲಸಕ್ಕೆ ನಡೆದು ಹೋಗುತ್ತಿದ್ದಳು. ಹಿಂದಿನಿಂದ ಬಿಳಿ ಕಾರೊಂದು ಬಂದು ಗುದ್ದಿತು. ಬಲಗೈ ಮುರಿಯಿತು.

ಕಾರು ಓಡಿಸುತ್ತಿದ್ದವನು ಅದರ ಮಾಲೀಕ ತಿಪ್ಪೇರುದ್ರಪ್ಪ. ಅವನು ಓಡಿಹೋಗಲಿಲ್ಲ. ತಾನೇ ಎತ್ತಿ ಆಸ್ಪತ್ರೆಗೆ ಸೇರಿಸಿದ. ಅಷ್ಟು ಒಳ್ಳೆಯತನ ಇತ್ತು. ವಿಮೆ ಇರಲಿಲ್ಲ. ಕಾರಿಗೆ ಹೊಸ ಸೀಟು ಕವರು ಹಾಕಿಸಿದ್ದ, ಹೊಸ ಹಾರ್ನ್ ಕೂಡಿಸಿದ್ದ. ವಿಮೆ ಮಾತ್ರ ದಂಡದ ಖರ್ಚು ಎಂದು ಬಿಟ್ಟಿದ್ದ.

ಪೊಲೀಸರು ಹೇಳಿಕೆ ಬರೆದುಕೊಳ್ಳುವ ಮೊದಲೇ ಸೇಬು ಹಿಡಿದು ಬಂದ. ಜೊತೆಗೆ ಹೆಂಡತಿಯ ತಮ್ಮ ಅಜ್ಜಯ್ಯ.

“ಹೆಂಗಿದೀಯಮ್ಮ?”

“ನೋಡಿದರೆ ಗೊತ್ತಾಗಲ್ವಾ ಸಾವುಕಾರ್ರೆ?”

ತಿಪ್ಪೇರುದ್ರಪ್ಪ ಸ್ಟೂಲು ಎಳೆದುಕೊಂಡು ಕೂತ. “ನೋಡು ಕೆಂಚಮ್ಮ, ನನ್ನ ಗಾಡಿಗೆ ಇನ್ಶೂರೆನ್ಸ್ ಇಲ್ಲ. ಅಜ್ಜಯ್ಯನ ಗಾಡಿಗೆ ಇದೆ. ಗುದ್ದಿದ್ದು ಅವನ ಕಾರು, ಓಡಿಸ್ತಿದ್ದವನು ಅವನು ಅಂತ ಬರೆಸು. ಕಂಪನಿಯವರು ಕೊಡ್ತಾರೆ. ಎಲ್ಲಾರೂ ಹಿಂಗೇ ಮಾಡೋದು.”

ಕೆಂಚಮ್ಮ ಅಜ್ಜಯ್ಯನ ಕಡೆ ತಿರುಗಿದಳು. “ಕೇಸು ನಿನ್ನ ಮೇಲೆ ಬೀಳ್ತದಪ್ಪಾ. ಒಪ್ಪಿದೀಯಾ?”

ಅಜ್ಜಯ್ಯ ನೆಲ ನೋಡಿದ. “ಭಾವ ಹೇಳಿದ ಮೇಲೆ ಏನು ಮಾಡೋದು...”

ಪಕ್ಕದ ಮಂಚದ ಮುದುಕಿ ನಡುವೆ ಬಾಯಿ ಹಾಕಿದಳು. “ಹೂಂ ಅನ್ನೇ. ಕೈಗೆ ರಾಡು ಹಾಕಿಸಬೇಕಂತೆ. ಯಾರು ಕೊಟ್ಟರೇನು, ದುಡ್ಡು ದುಡ್ಡೇ.”

ಕೆಂಚಮ್ಮನಿಗೆ ಆಸೆ ಆಗಲಿಲ್ಲ ಎಂದಲ್ಲ. ಕೈ ಸರಿಹೋಗದಿದ್ದರೆ ಭಟ್ಟಿಯಲ್ಲಿ ಕೆಲಸವಿಲ್ಲ. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಆದರೆ ಗುದ್ದಿದವನು ಎದುರಿಗೇ ಕೂತಿದ್ದ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಇನ್ನೂ ಬಂದಿರಲಿಲ್ಲ.

“ಒಲ್ಲೆ ಅಂದರೆ?”

ಅವನ ದನಿ ಬದಲಾಯಿತು. “ಕೋರ್ಟಿಗೆ ಅಲೆ. ನನ್ನ ಹತ್ತಿರ ಹೆಂಗೆ ವಸೂಲಿ ಮಾಡ್ತೀಯೋ ನೋಡ್ತೀನಿ. ಚಪ್ಪಲಿ ಸವೆದು ಹೋಗ್ತಾವೆ.”

“ಭಟ್ಟಿ ಮುಂದೆ ನಿಂತ ಕಾಲು ಇವು. ಚಪ್ಪಲಿ ಇಲ್ಲದೆಯೂ ನಡೀತಾವೆ. ಆ ಸೇಬು ತಗೊಂಡು ಹೊರಡಿ.”

ಪೊಲೀಸರಿಗೆ ಇದ್ದದ್ದನ್ನೇ ಹೇಳಿದಳು. ಬಿಳಿ ಕಾರು ಠಾಣೆಯ ಅಂಗಳ ಸೇರಿತು. ವಿಮೆ ಇಲ್ಲದ ಗಾಡಿಯನ್ನು ಜಾಮೀನಿಲ್ಲದೆ ಬಿಡುವುದಿಲ್ಲ ಎಂದರು.

ಕೆಂಚಮ್ಮನ ತಂಗಿ ತನ್ನ ಓಲೆ ಅಡವಿಟ್ಟು ಅಕ್ಕನ ಕೈಗೆ ರಾಡು ಹಾಕಿಸಿದಳು. ಕೈ ಕೂಡಿತು. ಆದರೆ ಮೊದಲಿನಂತೆ ತಿರುಗಲಿಲ್ಲ. ಭಟ್ಟಿಯ ಕೆಲಸ ಹೋಯಿತು. ತಿಪ್ಪೇರುದ್ರಪ್ಪ ಹೇಳಿದಂತೆ ಕೋರ್ಟಿಗೆ ಅಲೆದಾಟವೂ ಆಯಿತು. ಕೆಂಚಮ್ಮ ಮನೆಯಲ್ಲೇ ಮಂಡಕ್ಕಿ ಮಾರಿಕೊಂಡು ಬದುಕಿದಳು. ಒಂದು ತಾರೀಖನ್ನೂ ತಪ್ಪಿಸಲಿಲ್ಲ.

ಕೊನೆಗೆ ತೀರ್ಪು ಬಂತು. ಆಸ್ಪತ್ರೆ ಖರ್ಚು, ಹೋದ ಕೂಲಿ, ಮುಂದೆ ಹೋಗುವ ಕೂಲಿ, ಎಲ್ಲವನ್ನೂ ಕಾರಿನ ಮಾಲೀಕನೇ ಕೊಡಬೇಕು. ಕೊಡದಿದ್ದರೆ ಆಸ್ತಿ ಜಪ್ತಿ.

ತಿಪ್ಪೇರುದ್ರಪ್ಪ ಕೈಮುಗಿದ. “ಸ್ವಾಮಿ, ಬೇರೆಯವರ ಪರವಾಗಿ ಕಂಪನಿ ಕೊಡುತ್ತೆ. ನಾನೊಬ್ಬ ಯಾಕೆ ಮನೆಯಿಂದ ಕೊಡಬೇಕು?”

“ಅವರು ವಿಮೆ ಕಟ್ಟಿದ್ದರು. ನೀವು ಕಟ್ಟಿದ್ದಿರಾ?” ಎಂದರು ನ್ಯಾಯಾಧೀಶರು.

ಅವನು ಸೈಟು ಮಾರಿದ. ಹಣ ಕಟ್ಟಿ ಕೋರ್ಟಿನಿಂದ ಹೊರಗೆ ಬಂದಾಗ ಕೆಂಚಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

“ಅವತ್ತು ಒಂದು ಮಾತು ಹೇಳಿದ್ದರೆ ನಿನಗೂ ಈ ಅಲೆದಾಟ ತಪ್ಪುತ್ತಿತ್ತು,” ಎಂದ.

“ತಪ್ಪುತ್ತಿತ್ತು. ಗುದ್ದಿದವರು ನೀವು ಅನ್ನೋದೂ ತಪ್ಪುತ್ತಿತ್ತು. ಅದಕ್ಕೇ ಹೇಳಲಿಲ್ಲ.”

ನೀತಿ: ವಿಮೆ ಇಲ್ಲದೆ ಗಾಡಿ ರಸ್ತೆಗೆ ತಂದವನು, ಗುದ್ದಿದರೆ ತನ್ನ ಮನೆಯಿಂದಲೇ ತೆರಬೇಕು. ಅವನ ಹೊರೆ ತಪ್ಪಿಸಲು ಪೆಟ್ಟು ತಿಂದವರು ಸುಳ್ಳು ಹೇಳಬೇಕಾಗಿಲ್ಲ. ಹೇಳಲೂ ಬಾರದು.