ಗಂಜಿಪಾರೆಗೆ ಆ ಹೆಸರು ಬಂದದ್ದು

ಜೊತೆಯಲ್ಲಿ ಹೊರಟ ದೋಣಿಗಳೆಲ್ಲ ದಡ ಸೇರುವವರೆಗೆ ಮರಳದಂಡೆಯ ಮೇಲಲ್ಲದೆ ಬೇರೆಲ್ಲೂ ಬೆಂಕಿ ಹೊತ್ತಿಸಬಾರದು. ಕಡಲಿಗಿಳಿಯುವ ಪ್ರತಿಯೊಬ್ಬನಿಗೂ ತಿಳಿದಿದ್ದ ಕಟ್ಟಳೆ ಇದು. ಹಿಂದುಳಿದವನು ಕತ್ತಲಲ್ಲಿ ಬೆಂಕಿ ಕಂಡ ಕಡೆಗೇ, ಅಲ್ಲಿರುವುದು ಬಂಡೆಯಾದರೂ, ಚುಕ್ಕಾಣಿ ತಿರುಗಿಸುತ್ತಾನೆ, ಕಾರಣ ಇಷ್ಟೇ. ಅರ್ಥವಾಗದಿರುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೂ ಒಂದು ಸಂಜೆ ಒಬ್ಬನ ಹೊರತು ಎಲ್ಲರೂ ಕೂಡಿ ಅದನ್ನು ಮುರಿದರು.

ಹೊಳೆ ಕಡಲು ಸೇರುವ ಹೊಳೆಕೋಡಿಯ ಅಳಿವೆಯಿಂದ ತುಸು ಬಡಗಲಿಗೆ ಕಡಲಿನೊಳಕ್ಕೆ ಚಾಚಿಕೊಂಡಿರುವ ಕರಿಬಂಡೆಯೇ ಗಂಜಿಪಾರೆ. ಅದರ ನೆತ್ತಿ ಮುಂದಕ್ಕೆ ಬಾಗಿರುವುದರಿಂದ ಕೆಳಗೆ ಒಂದು ಜಗಲಿಯಷ್ಟು ಜಾಗ ನೆನೆಯದೆ ಉಳಿಯುತ್ತದೆ. ಭಾನುವಾರ ಬರುವವರು ಅಲ್ಲಿ ಕುಳಿತು ಚುರುಮುರಿ ತಿಂದು ಕಾಗದವನ್ನು ಅಲ್ಲೇ ಎಸೆದು ಹೋಗುತ್ತಾರೆ. ಪಾಂಡವರು ಇಲ್ಲಿ ಗಂಜಿ ಕುಡಿದರೆಂದು ಯಾರೋ ಫಲಕ ಬೇರೆ ನೆಟ್ಟಿದ್ದಾರೆ. ಪಾಂಡವರು ಕಾಲಿಡದ ಬಂಡೆ ಈ ಕರಾವಳಿಯಲ್ಲಿ ಒಂದಾದರೂ ಉಳಿದಿದೆಯೇ ಎಂದು ನೆಟ್ಟವರನ್ನೇ ಕೇಳಿದೆ. ನಕ್ಕರು; ಫಲಕ ತೆಗೆಯಲಿಲ್ಲ. ಊರಿನ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಮಳೆಗಾಲ ಮುಗಿಯಿತೆಂದು ಕಡಲಿಗೆ ಹಾಲೆರೆದು ಮೂರು ದೋಣಿಗಳು ತೆಂಗಿನಕಾಯಿ ಹೇರಿಕೊಂಡು ಹೊರಟವು. ಮಳೆ ಮುಗಿದಿರಲಿಲ್ಲ. ಬೆಳಗಿನಿಂದ ಹಿಡಿದದ್ದು ಬಿಡಲೇ ಇಲ್ಲ. ಹಾಯಿ ನೆನೆದು ಭಾರವಾಯಿತು, ದಡ ಕಾಣದಾಯಿತು. ಸಂಜೆಗೆ ಎರಡು ದೋಣಿಗಳು ಹೇಗೋ ಪಾರೆಯ ಪಕ್ಕದ ಮರಳಿಗೆ ಬಂದು ಹತ್ತಿದವು. ಮೂರನೆಯದು ಬರಲಿಲ್ಲ. ಅದನ್ನು ನಡೆಸುತ್ತಿದ್ದವನು ಗಿರಿಯ. ದಡ ಸೇರಿದವರಲ್ಲಿ ಅಡುಗೆಯವನಾಗಿದ್ದ ನಾರ್ಣನ ಒಡಹುಟ್ಟಿದ ತಮ್ಮ. ಮರಳಿನ ಮೇಲೆ ಬೆಂಕಿ ಮಾಡಲು ನೋಡಿದರು, ಮಳೆ ನಂದಿಸಿತು. ಕರ್ತವ್ಯ ಅಲ್ಲಿಗೇ ಮುಗಿಯಿತೆಂಬಂತೆ ಎಲ್ಲರೂ ಪಾರೆಯಡಿ ನುಗ್ಗಿದರು. ಅಲ್ಲಿ ಒಲೆ ಹೂಡಲು ನಾರ್ಣ ಒಲ್ಲೆನೆಂದ. ಉಳಿದವರೇ ಹೂಡಿ, ಅಕ್ಕಿ ಹಾಕಿದರು. ಕಟ್ಟಳೆ ಸರಿಯಲ್ಲವೆಂದು ಒಬ್ಬನೂ ಹೇಳಲಿಲ್ಲವಂತೆ; ಇವತ್ತಿಗೆ ಮಾತ್ರ ಬೇಡ ಎಂದರಂತೆ. ಮುರಿಯುವವರು ಯಾವತ್ತೂ ಹೇಳುವುದು ಇದನ್ನೇ.

“ಗಿರಿಯ ಆಚೆ ಅಳಿವೆ ಹೊಕ್ಕು, ಉಂಡು ಮಲಗಿರ್ತಾನೆ. ನಿಂಗೆಂತಕ್ಕೆ ಮಂಡೆಬಿಸಿ?” ಎಂದ ದೋಣಿಯ ಯಜಮಾನ ಮಾಸ್ತಯ್ಯ.

“ಮಲಗಿದ್ದು ನೀವು ಕಂಡ್ರಾ, ಮಾಸ್ತಣ್ಣ?”

“ಇಷ್ಟು ಸಣ್ಣ ಬೆಂಕಿ ಅಷ್ಟು ದೂರಕ್ಕೆ ಕಾಣ್ತದಾ?”

“ಕಾಣೂದಿಲ್ಲ ಅಂತಾದ್ರೆ ಕಟ್ಟಳೆ ಎಂತಕ್ಕೆ ಮಾಡಿದ್ದು? ನಿಮ್ಮ ಅಜ್ಜಂದಿರಿಗೆ ಬೇರೆ ಕೆಲಸ ಇರ್ಲಿಲ್ವಾ?”

“ಗಂಜಿ ಬೆಂದ ಕೂಡ್ಲೆ ನಂದಿಸುವ ಮಾರಾಯ. ನಿನ್ನ ಉಪದೇಶ ಬಡಿಸಿದ್ರೆ ಹೊಟ್ಟೆ ತುಂಬೂದಿಲ್ಲ.”

ಎಲ್ಲರೂ ನಕ್ಕರು. ಗಂಜಿ ಬೆಂದಿತು. ಬೆಂಕಿಯನ್ನು ಯಾರೂ ನಂದಿಸಲಿಲ್ಲ. ಬಟ್ಟೆ ಒಣಗಲಿ ಎಂದು ಇನ್ನೆರಡು ಕೊರಡು ಒಟ್ಟಿದರು. ಆಗ ನಾರ್ಣ ಎದ್ದು, ಬೆಳಗಿನಿಂದ ಏನೂ ತಿನ್ನದ ಅಷ್ಟೂ ಜನರ ಕಣ್ಣೆದುರಿಗೆ, ಮಡಕೆಯ ಗಂಜಿಯನ್ನೆಲ್ಲ ಬೆಂಕಿಯ ಮೇಲೆ ಸುರಿದುಬಿಟ್ಟನಂತೆ. ಪಾರೆಯ ಬುಡದಿಂದ ನೀರಿನವರೆಗೆ ಇಳಿದಿರುವ ಬಿಳಿಯ ಗೆರೆ ಆ ಗಂಜಿ ಹರಿದ ಜಾಡು ಎನ್ನುತ್ತಾರೆ. ಬಂದವರಿಗೆ ಇಂದಿಗೂ ಅದನ್ನು ತೋರಿಸುತ್ತಾರೆ. ಕಲ್ಲೊಳಗಿನ ಬೆಣಚು ಅದು ಎಂದು ನಾನು ಹೇಳಬಲ್ಲೆ, ಆದರೆ ಫಲಕಕ್ಕಿಂತ ಈ ಮಾತು ಮೇಲು.

ಮಾಸ್ತಯ್ಯ ಕೈಯೆತ್ತಿಕೊಂಡು ಬಂದ. ಉಳಿದವರು ನಾರ್ಣನ ಹೆತ್ತವರನ್ನೆಲ್ಲ ಎತ್ತಿ ಬೈದರು. ನಾರ್ಣ ಆರದೆ ಉಳಿದಿದ್ದ ಕೆಂಡಗಳನ್ನು ಬರಿದಾದ ಮಡಕೆಗೆ ತುಂಬಿ, ದೋಣಿಯೊಳಗಿನ ಒಣ ತೆಂಗಿನ ಗೆರಟೆಗಳನ್ನು ತಂದು, ಸುರಿಯುವ ಮಳೆಯಲ್ಲಿ ಮರಳದಂಡೆಗೆ ನಡೆದ. ಅಲ್ಲಿ ಮಂಡಿಯೂರಿ, ತಲೆಯ ಮೇಲಿದ್ದ ಎಲೆಯ ಗೊರಬನ್ನು ಕಳಚಿ ಮಡಕೆಯ ಮೇಲೆ ಎತ್ತಿ ಹಿಡಿದು, ಕಡಲಿನ ಕಡೆಗೆ ಮಾತ್ರ ಬೆಳಕು ಬೀಳುವಂತೆ ಗೆರಟೆ ಉರಿಸತೊಡಗಿದ. ಬಹಳ ಹೊತ್ತಿನ ಮೇಲೆ ಪಾರೆಯ ತೀರ ಸಮೀಪದಿಂದ ದೋಣಿಯವರು ಊದುವ ಶಂಖದ ದನಿ ಕೇಳಿತು. ಬಂಡೆಯಡಿಯ ಬೈಗುಳ ನಿಂತಿತು. ಕೆಲವರು ನೀರಿಗೇ ಓಡಿದರು. ನಾರ್ಣ ಏಳಲಿಲ್ಲ. ಗಿರಿಯನ ದೋಣಿ ಮೂತಿ ತಿರುಗಿಸಿ ಮರಳಿಗೆ ಬಂದು ಉಜ್ಜುವ ತನಕ ಅವನು ಆ ಗೊರಬನ್ನು ಬೆಂಕಿಯ ಮೇಲಿಂದ ಸರಿಸಲಿಲ್ಲ.