ಎರಡು ಅಧ್ಯಾಯಗಳ ನಡುವಿನ ರಾತ್ರಿ

ಮಲಪ್ರಭೆಯ ದಂಡೆಯ ಮೇಲೊಂದು ಕ್ರೈಸ್ತ ಆಶ್ರಮ. ಅಲ್ಲಿ ಹನೋಕ ಅಯ್ಯನವರೆಂಬ ವಯಸ್ಸಾದ ಗುರುಗಳು. ಅವರ ಬಳಿ ಸಭಾಪಾಲಕನಾಗಲು ಕಲಿಯುತ್ತಿದ್ದ ಸಿಲಾಸ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಸತ್ಯವೇದದಿಂದ ಒಂದು ಅಧ್ಯಾಯ ಓದಬೇಕು. ಒಂದೇ ಅಧ್ಯಾಯ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಮುಗಿದರೆ ಪುಸ್ತಕ ಮುಚ್ಚಿ, ಪ್ರಾರ್ಥನೆ ಮಾಡಿ, ಊಟಕ್ಕೆ ಏಳುವುದು. ಓದುವ ಕೆಲಸ ಸಿಲಾಸನದು. ಅವನ ಕಂಠ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಬರುವ ಭಾನುವಾರ ಅವನು ಮೊದಲ ಸಲ ಸಭೆಯ ಮುಂದೆ ನಿಂತು ಪ್ರಸಂಗ ಮಾಡುವವನಿದ್ದ. ಆರಿಸಿಕೊಂಡದ್ದು ಯೇಸು ತನ್ನ ಶಿಷ್ಯರಿಗೆ ಹೇಳಿದ ಮಾತು: "ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ."

ದೇವರು ವಾಸಿಸುವ ಆ ಮನೆ ಎಂಥದು ಎಂದು ಸಿಲಾಸ ವಾರವಿಡೀ ತಲೆ ಕೆಡಿಸಿಕೊಂಡಿದ್ದ. ಮುತ್ತಿನ ಬಾಗಿಲು, ಬಂಗಾರದ ಬೀದಿ, ಎಲ್ಲವನ್ನೂ ಬೇರೆ ಬೇರೆ ಪುಟಗಳಿಂದ ಹೆಕ್ಕಿ ತಂದು ಒಂದು ಅರಮನೆಯನ್ನೇ ಎಬ್ಬಿಸಿ ನಿಲ್ಲಿಸಿದ್ದ. ಅವನು ವರ್ಣಿಸಿದ್ದನ್ನು ಅಯ್ಯನವರು ಪೂರ್ತಿ ಕೇಳಿದರು. ಮನೆ ಚಂದ ಆಗಿದೆ ಎಂದೂ ಹೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು.

"ಯೇಸುಸ್ವಾಮಿ ಈ ಮಾತು ಹೇಳೂ ಹೊತ್ತಿಗೆ ಎದುರಿಗೆ ಕೂತಾವ್ರು ಹೆಂಗಿದ್ರು?"

ಇದೇನು ಪ್ರಶ್ನೆ ಎನಿಸಿತು ಸಿಲಾಸನಿಗೆ. "ಭಕ್ತಿಯಿಂದ ಕೂತಿದ್ರು ರೀ," ಎಂದ.

ಅಯ್ಯನವರು ಬದನೆ ಗಿಡಗಳಿಗೆ ನೀರು ಹಾಕಲು ಎದ್ದುಹೋದರು.

ಶುಕ್ರವಾರ ಮಧ್ಯಾಹ್ನ ರೂಬೇನ ಬಂದ. ಅವನು ಸಿಲಾಸನ ಒಡಹುಟ್ಟಿದ ಅಣ್ಣ.

ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಹಿಂದೆ ಸಿಲಾಸ ಕೆಲಸಕ್ಕಿದ್ದ ಬಟ್ಟೆ ಅಂಗಡಿಯಲ್ಲಿ ಕಳವಾಗಿ, ಪೊಲೀಸರು ಅವನನ್ನೂ ಹಿಡಿದುಕೊಂಡು ಹೋಗಿದ್ದರು. ಸುದ್ದಿ ಕೇಳಿ ರೂಬೇನ ಠಾಣೆಯ ಬಾಗಿಲ ತನಕ ಬಂದಿದ್ದ. ಇವನು ನಿನ್ನ ತಮ್ಮನೇ ಎಂದು ಪೇದೆ ಕೇಳಿದ. ತನ್ನ ನೌಕರಿಗೆ ಕುತ್ತು ಬಂದೀತೆಂದು ರೂಬೇನ ಹೆದರಿದ. ಇವನು ಯಾರೋ ನನಗೆ ಗೊತ್ತಿಲ್ಲ ಎಂದು ಹೇಳಿ ಹೊರಟುಹೋದ.

ಸಿಲಾಸ ಒಳಗಿನಿಂದ ಅದನ್ನು ಕೇಳಿಸಿಕೊಂಡ. ನಿಜವಾದ ಕಳ್ಳ ಸಿಕ್ಕಿ ಅವನ ಬಿಡುಗಡೆಯಾಯಿತು. ಆದರೆ ಆ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿದುಹೋಯಿತು.

ಈಗ ರೂಬೇನನ ನೌಕರಿ ಹೋಗಿತ್ತು, ಮೈಯಲ್ಲಿ ಜ್ವರ ಇತ್ತು. ಸ್ವಲ್ಪ ದಿನ ಇರಲು ಜಾಗ ಬೇಕು ಎಂದ. ತಮ್ಮನ ಮುಖ ನೋಡದೆ ಕೇಳಿದ.

ಅತಿಥಿಗಳ ಕೋಣೆಗಳ ಬೀಗದ ಕೈ ಇರುತ್ತಿದ್ದದ್ದು ಸಿಲಾಸನ ವಶದಲ್ಲಿ. ಕೋಣೆಗಳೆಲ್ಲ ಖಾಲಿ ಬಿದ್ದಿದ್ದವು.

"ಜಾಗ ಇಲ್ಲ," ಎಂದ ಸಿಲಾಸ.

ರೂಬೇನ ವಾದಿಸಲಿಲ್ಲ. ಸಂಜೆಯ ಬಸ್ಸಿಗೆ ಹೋಗುತ್ತೇನೆಂದು ಹೇಳಿ, ಹೊಳೆಯ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತ. ಎಲ್ಲಿಗೆ ಹೋಗುವುದೆಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಸಿಲಾಸ ತಾನೇ ಹೋಗಿ ಗುರುಗಳಿಗೆ ಎಲ್ಲವನ್ನೂ ಒಪ್ಪಿಸಿದ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಅಯ್ಯನವರು ಬೈಯಲಿಲ್ಲ. ಬೀಗದ ಕೈ ನಿನ್ನ ಹತ್ತಿರ ಇದೆ, ತೀರ್ಮಾನವೂ ನಿನ್ನದೇ ಎಂದರು. ಅದರ ಬದಲು ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆ ದೀಪ ಹಚ್ಚಿದರು. ಅಂದಿನ ಓದು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದಾನೆ. ಅವರ ಕಾಲು ತೊಳೆದದ್ದಾಯಿತು. ಒಬ್ಬ ಅವನನ್ನು ಹಿಡಿದುಕೊಡಲು ಎದ್ದು ಹೋದದ್ದೂ ಆಯಿತು. ಆಗ ಪೇತ್ರನೆಂಬ ಶಿಷ್ಯ, ನಿನಗಾಗಿ ಪ್ರಾಣ ಕೊಡುತ್ತೇನೆ ಎಂದು ದೊಡ್ಡ ಮಾತಾಡಿದ. ಕೋಳಿ ಕೂಗುವುದರೊಳಗೆ ನೀನು ಮೂರು ಸಲ ನನ್ನನ್ನು ಗೊತ್ತಿಲ್ಲ ಎನ್ನುತ್ತೀ ಎಂದ ಯೇಸು.

ಅಲ್ಲಿಗೆ ಅಧ್ಯಾಯ ಮುಗಿಯಿತು. ಕೊನೆಯ ಸಾಲನ್ನು ಸಿಲಾಸ ಬೇಕೆಂದೇ ಗಟ್ಟಿಯಾಗಿ, ಹೊಳೆಯ ಕಡೆಯ ಕಿಟಕಿಗೆ ಮುಖ ಮಾಡಿ ಓದಿದ್ದ. ಮೆಟ್ಟಿಲ ಮೇಲೆ ಕೂತವನಿಗೂ ಕೇಳಿಸಲಿ ಎಂಬ ಹಟ. ಓದಿ ಪುಸ್ತಕ ಮುಚ್ಚಿದ.

"ಮುಂದ ಓದು," ಎಂದರು ಅಯ್ಯನವರು.

"ಅಧ್ಯಾಯ ಮುಗೀತು ರೀ ಅಯ್ಯನವರ. ಮುಂದಿಂದು ನಾಳಿಗೆ."

"ಅಧ್ಯಾಯ ಮುಗೀತು. ಮಾತಾಡಾವ್ರು ಇನ್ನೂ ಮಾತು ಮುಗಿಸಿಲ್ಲ. ಓದು."

ಇಷ್ಟು ವರ್ಷಗಳಲ್ಲಿ ಈ ಪದ್ಧತಿಯನ್ನು ಯಾರೂ ಮುರಿದದ್ದಿಲ್ಲ. ಸಿಲಾಸ ಹಾಳೆ ತಿರುವಿದ.

"ನಿಮ್ಮ ಹೃದಯ ಕಳವಳಪಡದಿರಲಿ. ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ. ನಿಮಗೆ ಜಾಗ ಸಿದ್ಧಮಾಡಲು ಹೋಗುತ್ತೇನೆ..."

ಅವನು ಓದುವುದನ್ನು ನಿಲ್ಲಿಸಿದ. ವಾರವಿಡೀ ಬಾಯಿಪಾಠ ಮಾಡಿದ್ದ ವಚನ ಇದೇ. ಅದರ ಹಿಂದಿನ ಸಾಲಿನಲ್ಲೇ ಪೇತ್ರ ತಲೆ ತಗ್ಗಿಸಿ ಕೂತಿದ್ದಾನೆಂದು ಅವನಿಗೆ ಹೊಳೆದೇ ಇರಲಿಲ್ಲ. ಅದು ಯಾವಾಗಲೂ ಒಂದು ಸಂಜೆಯ ಓದು, ಇದು ಮರುದಿನದ ಓದು. ಅದನ್ನು ಓದಿ ಉಂಡು ಮಲಗಿ ಎದ್ದ ಮೇಲೆಯೇ ಇದು ಬರುತ್ತಿತ್ತು.

"ಹೆಂಗಿದ್ರಪಾ ಅವರು?" ಅಯ್ಯನವರು ಮೆಲ್ಲಗೆ ಕೇಳಿದರು.

"ಹೆದರಿದ್ರು ರೀ," ಎಂದ ಸಿಲಾಸ. "ಒಬ್ಬಾಂವ ಬಿಟ್ಟು ಹೋಗಿದ್ದ. ಇನ್ನೊಬ್ಬಾಂವ ಗೊತ್ತಿಲ್ಲ ಅನ್ನಾಂವ ಇದ್ದ."

"ಆ ಕೋಳಿ ಮಾತಿಗೂ ಈ ಜಾಗದ ಮಾತಿಗೂ ನಡುವ ಎಷ್ಟು ಹೊತ್ತು ಹೋತು?"

"ಹೊತ್ತೇ ಹೋಗಿಲ್ಲ ರೀ."

"ಯೇಸುಸ್ವಾಮಿ ಎರಡೂ ಒಂದ ಉಸಿರಿನ್ಯಾಗ ಹೇಳಿದ್ರು. ನಡುವ ಒಂದು ರಾತ್ರಿ ತಂದಿಟ್ಟಾವ್ರು ನಾವು."

ಊರ ಕಡೆಯಿಂದ ಬಸ್ಸಿನ ಸದ್ದು ಕೇಳಿತು. ಹೊಳೆಯ ದಂಡೆಯಲ್ಲಿ ರೂಬೇನ ಎದ್ದು ಚೀಲ ಹೆಗಲಿಗೆ ಹಾಕಿಕೊಂಡದ್ದು ಕಿಟಕಿಯಿಂದ ಕಂಡಿತು.

ಸಿಲಾಸ ಎದ್ದು ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡ. ಹೊಸ್ತಿಲ ತನಕ ಹೋಗಿ ನಿಂತುಬಿಟ್ಟ. ಕಾಲು ಮುಂದೆ ಬರಲೊಲ್ಲದು. ಎಷ್ಟು ತಿಳಿದರೂ ನೋವು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

"ಪೇತ್ರನರ ಗೊತ್ತಿಲ್ಲ ಅಂದ ಮ್ಯಾಲ ಬಿಕ್ಕಿ ಬಿಕ್ಕಿ ಅತ್ತ ರೀ," ಎಂದ, ತಿರುಗಿ ನೋಡದೆ. "ನಮ್ಮಣ್ಣ ಇನ್ನೂ ತಪ್ಪಾತು ಅಂತ ಒಂದು ಮಾತು ಸುದ್ದಾ ಅಂದಿಲ್ಲ."

ಅಯ್ಯನವರು ದೀಪದ ಬತ್ತಿ ಸರಿಮಾಡುತ್ತಿದ್ದರು.

"ಪೇತ್ರ ಅತ್ತದ್ದು ಕೋಳಿ ಕೂಗಿದ ಮ್ಯಾಲ, ಸಿಲಾಸ," ಎಂದರು. "ಜಾಗ ಅದ ಅಂತ ಯೇಸುಸ್ವಾಮಿ ಅವಗ ಹೇಳಿದ್ದು ಕೋಳಿ ಕೂಗೂ ಮೊದಲ."